ಮೇಜಿನ ಮೇಲೆ ಬಡಿದು ತೋರಿಸಿದ ಎದೆಬಡಿತ

ಇಡೀ ದಿನದ ಎದೆಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರವನ್ನು ಎದೆಯಿಂದ ಬಿಚ್ಚಿಸಿಕೊಂಡು ಬಂದು ಇಂದಿಗೆ ಒಂಬತ್ತು ದಿನಗಳಾದವು. ಮೂರು ದಿನಗಳಲ್ಲಿ ವರದಿ ಸಿಗುತ್ತದೆ ಎಂದು ಹೇಳಿ ಕಳುಹಿಸಿದ್ದರು. ನಾಲ್ಕನೆಯ ದಿನ ಫೋನ್ ಮಾಡಿದಾಗ, ವರದಿಯನ್ನು ನೋಡಿ ಸಹಿ ಹಾಕಬೇಕಾದ ತಜ್ಞರು ರಜೆಯಲ್ಲಿದ್ದಾರೆ ಎಂದರು. ಆರನೆಯ ದಿನ ಅದೇ ಮಾತನ್ನು, ಈ ಬಾರಿ ತುಸು ಬೇಸರದ ದನಿಯಲ್ಲಿ, ಮತ್ತೆ ಹೇಳಿದರು. ಇಂದು ಮಧ್ಯಾಹ್ನ ಅವರೇ ಫೋನ್ ಮಾಡಿ ನಾಳೆ ಬರಲು ತಿಳಿಸಿದ್ದಾರೆ. ನಾಳೆ ಏನೇ ಗೊತ್ತಾದರೂ, ಗೊತ್ತಾದ ಮೇಲೆ ಈ ದಿನಗಳನ್ನು ನಾನು ಬೇರೆ ರೀತಿಯಲ್ಲಿಯೇ ನೆನೆಯುತ್ತೇನೆ, ಆಗ ಈಗಿನ ಅವಸ್ಥೆಯನ್ನು ಇದ್ದಂತೆ ಹೇಳಲು ಆಗುವುದಿಲ್ಲ ಎನ್ನಿಸಿ, ಕರೆಂಟು ಇರುವಾಗಲೇ ಬರೆಯಲು ಕುಳಿತಿದ್ದೇನೆ.

ನನಗೆ ಈಗ 49 ವರ್ಷ. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಮನೆ ಮತ್ತು ಅಡಿಕೆ ತೋಟ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎದೆಬಡಿತದ ಈ ತೊಂದರೆ ಮೊದಲು ಕಾಣಿಸಿಕೊಂಡದ್ದು ಕಳೆದ ಮೇ ತಿಂಗಳಿನಲ್ಲಿ, ಅಂಗಳದಲ್ಲಿ ಒಣಗಿದ ಹಲಸಿನ ಹಪ್ಪಳವನ್ನು ಒಳಗೆ ತಂದು ಎಣಿಸಿ ಜೋಡಿಸುತ್ತಿದ್ದಾಗ. ಕ್ಷಣಕಾಲ ಎದೆಯೊಳಗೆ ಏನೂ ಇಲ್ಲದ ಒಂದು ಖಾಲಿ ಜಾಗ ಹಾದುಹೋಯಿತು. ಅದರ ಹಿಂದೆಯೇ ಯಾರೋ ಒಳಗಿನಿಂದ ಒಮ್ಮೆ ಗುದ್ದಿದ ಹಾಗಾಯಿತು. ನನ್ನನ್ನು ಹೆದರಿಸಿದ್ದು ಆ ಖಾಲಿ ಜಾಗ. ಜೂನ್ ಹೊತ್ತಿಗೆ ಬಿಡಿ ಗುದ್ದುಗಳ ಜೊತೆಗೆ ಇನ್ನೊಂದು ಬಗೆಯೂ ಸೇರಿಕೊಂಡಿತು: ರಾತ್ರಿ ಮಲಗಿದ ಮೇಲೆ ಬಡಿತವು ಇದ್ದಕ್ಕಿದ್ದಂತೆ ಲಯ ಬಿಟ್ಟು ಓಡತೊಡಗಿ, ಹತ್ತು ನಿಮಿಷವೋ ಅರ್ಧ ಗಂಟೆಯೋ ಹಾಗೆಯೇ ಇದ್ದು, ಬಂದಷ್ಟೇ ಹಠಾತ್ತಾಗಿ ನಿಂತುಹೋಗುತ್ತಿತ್ತು.

ಇದನ್ನು ಇನ್ನೊಬ್ಬರಿಗೆ ಹೇಳುವುದು ಎಷ್ಟು ಕಷ್ಟ ಎಂಬುದು ನನಗೆ ಆಗಲೇ ಗೊತ್ತಾದದ್ದು. ಎದೆಯ ಬಗ್ಗೆ ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಎದೆ ಝಲ್ಲೆಂದಿತು, ಧಸಕ್ಕೆಂದಿತು, ಹಾರಿತು, ಡವಗುಟ್ಟಿತು, ಒಡೆಯಿತು ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆದರೆ ಇವೆಲ್ಲವೂ ಹೆದರಿಕೆಗೋ ದುಃಖಕ್ಕೋ ನಾವು ಎಂದೋ ಕೊಟ್ಟುಬಿಟ್ಟ ಮಾತುಗಳು. ಎದೆಯೆಂಬ ಅಂಗಕ್ಕೇ ಏನೋ ಆದಾಗ ಹೇಳಲು ಬೇರೆ ಮಾತು ಉಳಿದಿಲ್ಲ. "ಎದೆ ಧಸಕ್ ಅಂತದೆ" ಎಂದು ನಾನು ಹೇಳಿದರೆ, ಕೇಳಿದವರು ಕೂಡಲೇ "ಎಂಥ ಯೋಚನೆ ಮಾಡ್ತಿದ್ದೆ?" ಎಂದು ಕೇಳುತ್ತಾರೆ. ನಾನು ಯಾವ ಯೋಚನೆಯಲ್ಲಿಯೂ ಇರಲಿಲ್ಲ, ಹಪ್ಪಳ ಎಣಿಸುತ್ತಿದ್ದೆ ಎಂದರೆ ಯಾರೂ ನಂಬುವುದಿಲ್ಲ.

ಮೊದಲು ತೋರಿಸಿದ ವೈದ್ಯರಿಗೂ ನನ್ನ ಮಾತು ಹಾಗೆಯೇ ಕೇಳಿಸಿರಬೇಕು. ಅವರು ಇಸಿಜಿ ಮಾಡಿಸಿ, ನಾರ್ಮಲ್ ಇದೆ, ಗ್ಯಾಸ್ಟ್ರಿಕ್ ಇರಬಹುದು, ಟೆನ್ಶನ್ ಕಡಿಮೆ ಮಾಡಿ ಎಂದು ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವ ಮಾತ್ರೆ ಬರೆದುಕೊಟ್ಟರು. ಒಂದು ತಿಂಗಳು ನುಂಗಿದೆ. ಇಲ್ಲಿ ಒಂದು ಸರಳ ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಆ "ನಾರ್ಮಲ್" ಎಂಬ ಮಾತು ನನ್ನಂಥ ಅನೇಕರನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುತ್ತದೆ. ಸಾಮಾನ್ಯ ಇಸಿಜಿ ಹಾಳೆಯಲ್ಲಿ ಮೂಡುವುದು ಸುಮಾರು 10 ಸೆಕೆಂಡುಗಳ ಬಡಿತ ಮಾತ್ರ. ದಿನಕ್ಕೆ 86,400 ಸೆಕೆಂಡುಗಳು. ನಿಮಿಷಕ್ಕೆ 70ರಂತೆ ಹಿಡಿದರೂ ಹೃದಯ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ಹನ್ನೆರಡನ್ನು ನೋಡಿ ಎಲ್ಲವೂ ಸರಿ ಎನ್ನುವುದು, ಒಂದು ಎಲೆ ನೋಡಿ ಇಡೀ ತೋಟಕ್ಕೆ ರೋಗವಿಲ್ಲ ಎಂದ ಹಾಗೆ. ಆ ಹಾಳೆ ಸುಳ್ಳು ಹೇಳುವುದಿಲ್ಲ, ಹೃದಯದ ಬೇರೆ ಎಷ್ಟೋ ತೊಂದರೆಗಳನ್ನು ಆ ಹತ್ತು ಸೆಕೆಂಡುಗಳಲ್ಲಿಯೇ ತೋರಿಸುತ್ತದೆ. ಆದರೆ ಬಂದು ಹೋಗುವ ತೊಂದರೆ ಆ ಹೊತ್ತಿಗೆ ಬಂದಿರದಿದ್ದರೆ ಅದು ಹಾಳೆಯ ಮೇಲೆ ಇರುವುದಿಲ್ಲ.

ಜುಲೈ ಕೊನೆಯಲ್ಲಿ ಶಿವಮೊಗ್ಗಕ್ಕೆ ಹೋದೆವು. ಅಲ್ಲಿನ ವೈದ್ಯೆ ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ನಾನು ಮತ್ತೆ ಅದೇ ಧಸಕ್, ಝಲ್ ಎಂದು ತಡವರಿಸುತ್ತಿದ್ದಾಗ ಅವರು ತಡೆದು, "ಟೀಚರ್, ಬಾಯಲ್ಲಿ ಹೇಳೋದು ಬೇಡ. ಬೆರಳಿನಿಂದ ಈ ಮೇಜಿನ ಮೇಲೆ ಬಡಿದು ತೋರಿಸಿ" ಎಂದರು. ನಾನು ಬಡಿದೆ. ಟಕ್, ಟಕ್, ಟಕ್‌ಟಕ್, ಆಮೇಲೆ ಒಂದು ನಿಲುಗಡೆ, ಆಮೇಲೆ ಜೋರಾಗಿ ಒಂದು ಟಕ್. ಅವರು ತಲೆಯಾಡಿಸಿ, "ರಾತ್ರಿ ಬರುವುದು?" ಎಂದರು. ಅದನ್ನು ಬಡಿಯಲು ಹೋದಾಗ ನನ್ನ ಬೆರಳಿಗೆ ಒಂದು ವಿಷಯ ತಿಳಿಯಿತು, ಅದು ಅಲ್ಲಿಯವರೆಗೆ ನನ್ನ ಬುದ್ಧಿಗೆ ತಿಳಿದಿರಲಿಲ್ಲ: ಅದರಲ್ಲಿ ಯಾವ ಕ್ರಮವೂ ಇರಲಿಲ್ಲ. ವೇಗವಾಗಿದ್ದರೂ ಸಮವಾಗಿರಲಿಲ್ಲ. ಎರಡು ಬಡಿತಗಳ ನಡುವಿನ ಅಂತರ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರಲಿಲ್ಲ. ತಗಡಿನ ಮಾಡಿನ ಮೇಲೆ ಮರದಿಂದ ಹನಿ ಬೀಳುವ ಹಾಗೆ ಬೆರಳು ಬಿದ್ದಲ್ಲಿ ಬಿದ್ದಿತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಆಗುತ್ತಿರುವುದನ್ನು ನಾನು ಇನ್ನೊಬ್ಬರಿಗೆ ಸರಿಯಾಗಿ ಹೇಳಿದ್ದೆ. ಮೇಜಿನ ಮೇಲಿಂದ ಕೈ ತೆಗೆಯುವಾಗ ಕಣ್ಣು ತುಂಬಿಬಂದಿತ್ತು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ, ಅಂದರೆ ಬಲ ಹೃತ್ಕರ್ಣದಲ್ಲಿ, ಪ್ರತಿ ಬಡಿತಕ್ಕೂ ಸಣ್ಣದೊಂದು ವಿದ್ಯುತ್ ಸಂಕೇತ ಹುಟ್ಟುತ್ತದೆ. ಕೆಲವೊಮ್ಮೆ ಬೇರೆ ಯಾವುದೋ ಜಾಗದಿಂದ ಹೊತ್ತಿಗೆ ಮುಂಚೆಯೇ ಒಂದು ಸಂಕೇತ ಹೊರಟುಬಿಡುತ್ತದೆ. ಆಗ ಕೆಳಗಿನ ಕೋಣೆ ಇನ್ನೂ ಪೂರ್ತಿ ತುಂಬಿರುವುದಿಲ್ಲವಾದ್ದರಿಂದ ಆ ಬಡಿತ ದುರ್ಬಲವಾಗಿ, ಮಣಿಕಟ್ಟಿಗೆ ಸಿಗದೆಯೂ ಹೋಗಬಹುದು. ಅದರ ನಂತರ ಒಂದು ವಿರಾಮ, ವಿರಾಮದಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಗುದ್ದಿನಂತೆ ಜೋರು. ಅಂದರೆ ನಾನು ತಪ್ಪಿಹೋಯಿತೆಂದು ಹೆದರುತ್ತಿದ್ದ ಬಡಿತ ನಿಜಕ್ಕೂ ತಪ್ಪಿಹೋದದ್ದಲ್ಲ, ಮುಂಚಿತವಾಗಿ ಬಂದ ಹೆಚ್ಚುವರಿ ಬಡಿತ. ಇಪ್ಪತ್ತನಾಲ್ಕು ಗಂಟೆ ದಾಖಲಿಸಿ ನೋಡಿದರೆ ಆರೋಗ್ಯವಂತರಲ್ಲಿಯೂ ಇಂಥವು ಕೆಲವು ಸಿಕ್ಕೇ ಸಿಗುತ್ತವಂತೆ, ಹೃದಯದ ರಚನೆ ಚೆನ್ನಾಗಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲವಂತೆ. ಅದೇ ದಿನ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ, ಕವಾಟಗಳೂ ಗೋಡೆಗಳೂ ಚೆನ್ನಾಗಿವೆ ಎಂದರು. ಥೈರಾಯ್ಡ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎದೆಬಡಿತದ ದೂರು ಹೆಚ್ಚುವುದುಂಟು ಎಂದೂ ಹೇಳಿದರು, ಆದರೆ ಅದೇ ಕಾರಣವೆಂದು ಅಲ್ಲಿಗೇ ಕಡತ ಮುಚ್ಚಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ.

ರಾತ್ರಿಯದ್ದರ ಬಗ್ಗೆ ಮಾತ್ರ ಅವರು ಎಚ್ಚರಿಕೆಯಿಂದ ಮಾತನಾಡಿದರು. ಕ್ರಮವೇ ಇಲ್ಲದ ಓಟ ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು, ಇಲ್ಲದೆಯೂ ಇರಬಹುದು. ಅದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರಿದೆ ಅದುರುತ್ತವೆ, ಆಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಹೌದೆಂದಾದರೆ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಇತ್ಯಾದಿಗಳನ್ನು ನೋಡಿ ರಕ್ತ ತೆಳುವಾಗಿಸುವ ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸಬೇಕಾಗುತ್ತದೆ. ಅದಕ್ಕೆ ಮೊದಲು ಅದು ದಾಖಲೆಯಲ್ಲಿ ಸಿಕ್ಕಬೇಕು. "ಊಹೆಯ ಮೇಲೆ ಔಷಧಿ ಕೊಡಲು ಆಗುವುದಿಲ್ಲ, ಅದನ್ನು ಹಿಡಿಯಬೇಕು" ಎಂದರು.

ಹಿಡಿಯುವ ಸಾಧನವೇ ಹೋಲ್ಟರ್. ನಾರ್ಮನ್ ಹೋಲ್ಟರ್ ಎಂಬ ಅಮೆರಿಕದ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಮೊದಲು ಮಾಡಿದ ಇಂಥ ಯಂತ್ರ ಸುಮಾರು 38 ಕಿಲೋ ತೂಗುತ್ತಿತ್ತು, ಅದನ್ನು ಬೆನ್ನಿಗೆ ಹೊತ್ತು ತಿರುಗಬೇಕಿತ್ತು. ನನಗೆ ಕಟ್ಟಿದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಎದೆಗೆ ಅಂಟಿಸಿದ ಪಟ್ಟಿಗಳು, ವೈರುಗಳು, ಏನಾದರೂ ಅನ್ನಿಸಿದಾಗ ಒತ್ತಲು ಒಂದು ಗುಂಡಿ. ಸ್ನಾನ ಮಾಡಬಾರದು, ಉಳಿದಂತೆ ಎಂದಿನ ಹಾಗೆಯೇ ಇರಬೇಕು. ಮಗಳ ಸಡಿಲವಾದ ಅಂಗಿ ಹಾಕಿಕೊಂಡು, ಆ ದಿನ ಬೇಕೆಂದೇ ತೋಟದ ಮೆಟ್ಟಿಲುಗಳನ್ನು ನಾಲ್ಕು ಸಲ ಹತ್ತಿ ಇಳಿದೆ, ರಾತ್ರಿ ಎಡ ಮಗ್ಗುಲಿಗೇ ಮಲಗಿದೆ. ಏನೂ ಆಗಲಿಲ್ಲ. ಬಿಡಿ ಗುದ್ದುಗಳಿಗೆ ಮೂರು ಬಾರಿ ಗುಂಡಿ ಒತ್ತಿದ್ದು ಬಿಟ್ಟರೆ, ಎರಡು ತಿಂಗಳಿಂದ ಕಾಡಿದ ಆ ರಾತ್ರಿಯ ಓಟ ಅಂದು ಬರಲೇ ಇಲ್ಲ.

ಹೀಗಾಗಿ ಈ ಒಂಬತ್ತು ದಿನ ನಾನು ಕಾದದ್ದು ಎರಡು ಹೆದರಿಕೆಗಳ ನಡುವೆ. ವರದಿಯಲ್ಲಿ ಏನಾದರೂ ಇದ್ದರೆ ಎಂಬುದು ಒಂದು. ಏನೂ ಇಲ್ಲದಿದ್ದರೆ ಎಂಬುದು ಇನ್ನೊಂದು. ಎರಡನೆಯದನ್ನು ಮನೆಯವರಿಗೆ ಹೇಳಲು ನನಗೆ ನಾಚಿಕೆಯಾಗಿತ್ತು. ಕಾಯಿಲೆ ಇಲ್ಲ ಎಂದರೆ ಸಂತೋಷಪಡಬೇಕಾದ ಹೊತ್ತಿನಲ್ಲಿ ಇವಳು ಹೆದರುತ್ತಾಳಲ್ಲ ಎಂದುಕೊಂಡಾರು ಎನ್ನಿಸುತ್ತಿತ್ತು. ಆದರೆ ಮತ್ತೊಂದು "ನಾರ್ಮಲ್" ಬಂದರೆ ಮತ್ತೆ ಬರಿಹೊಟ್ಟೆಯ ಮಾತ್ರೆಗೇ ಮರಳಬೇಕಾದೀತು ಎಂಬ ಭಯ ಅನುಭವಿಸಿದವರಿಗೆ ಗೊತ್ತು.

ಮೊದಲ ಮೂರು ದಿನ ನಾನು ನಡೆದುಕೊಂಡ ರೀತಿ ಸರಿಯಾಗಿರಲಿಲ್ಲ. ಕೋವಿಡ್ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಹುಡುಕಿ ತೆಗೆದೆ. ಬೆಂಗಳೂರಿನಲ್ಲಿರುವ ಮಗಳು ಇಸಿಜಿ ತೆಗೆಯುವ ವಾಚು ಕಳುಹಿಸಿದಳು. ಪಾಠದ ನಡುವೆ, ಅನ್ನ ಬಸಿಯುವ ನಡುವೆ, ದೇವರ ಮುಂದೆ ಕೈ ಮುಗಿದಿದ್ದಾಗಲೂ ಬೆರಳು ಮಣಿಕಟ್ಟಿಗೆ ಹೋಗುತ್ತಿತ್ತು. ಬಡಿತ ಅಡ್ಡಾದಿಡ್ಡಿ ಇದ್ದಾಗ ಆಕ್ಸಿಮೀಟರ್ ತೋರಿಸುವ ನಾಡಿಯ ಅಂಕಿ ತಾನೂ ಅಡ್ಡಾದಿಡ್ಡಿ ಹಾರುತ್ತದೆ, ಅದನ್ನು ನಂಬಿ ಲೆಕ್ಕ ಹಾಕುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. 58 ಕಂಡರೂ ಹೆದರಿದೆ, 131 ಕಂಡರೂ ಹೆದರಿದೆ. ಹೆದರಿದಾಗ ಬಡಿತ ಇನ್ನೂ ಏರುತ್ತದೆ, ಏರಿದ್ದನ್ನು ಮತ್ತೆ ನೋಡುತ್ತೇವೆ. ಮೂರನೆಯ ದಿನ ನಮ್ಮ ಅತ್ತೆ, "ಹೊಲಿಗೆ ಬಿಚ್ಚಿ ಬಿಚ್ಚಿ ನೋಡಿದ್ರೆ ಗಾಯ ಮಾಯ್ತದಾ ಮಾರಾಯ್ತಿ?" ಎಂದು ಕೇಳಿ, ಆಕ್ಸಿಮೀಟರನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡರು. ಅವರಿಗೆ 78 ವರ್ಷ. ಆ ಸಂಜೆ ಅವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ.

ಆಮೇಲೆ ಒಂದು ನೋಟುಪುಸ್ತಕ ಮಾಡಿದೆ. ತಾನಾಗಿ ಏನಾದರೂ ಬಂದರೆ ಮಾತ್ರ ನಾಡಿ ಮುಟ್ಟುವುದು, ಹುಡುಕಿಕೊಂಡು ಮುಟ್ಟಬಾರದು ಎಂಬ ನಿಯಮ ಹಾಕಿಕೊಂಡೆ. ಬಂದಾಗ ಹೊತ್ತು, ಎಷ್ಟು ಹೊತ್ತು ಇತ್ತು, ಸಮವೋ ಅಸಮವೋ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ ಎಂದಷ್ಟೇ ಬರೆದು ಪುಸ್ತಕ ಮುಚ್ಚುತ್ತಿದ್ದೆ. ವೈದ್ಯೆ ಅಡಿಕೆ ತಿನ್ನುತ್ತೀರಾ ಎಂದೂ ಕೇಳಿದ್ದರು. ಅಡಿಕೆ ತಿನ್ನುವುದು ಎದೆಬಡಿತ ಏರಿಸಬಲ್ಲದು ಎಂಬುದನ್ನು ಅಡಿಕೆ ಬೆಳೆಯುವ ಮನೆಯವಳಾದ ನಾನು ಮೊದಲ ಸಲ ಕೇಳಿದ್ದು ಅವರ ಬಾಯಿಂದ. ಊಟದ ಮೇಲಿನ ಒಂದು ಎಲೆಅಡಿಕೆಯನ್ನು ಅಂದೇ ಬಿಟ್ಟೆ, ಕಾಫಿಯನ್ನು ಎರಡು ಲೋಟದಿಂದ ಒಂದಕ್ಕೆ ಇಳಿಸಿದೆ. ಪುಸ್ತಕದಲ್ಲಿ ಈವರೆಗೆ ಹದಿನಾಲ್ಕು ನಮೂದುಗಳಿವೆ. ಕಾಫಿಗೂ ಅವುಗಳಿಗೂ ನಂಟು ಕಾಣುತ್ತಿಲ್ಲ. ಹನ್ನೊಂದು ಬಂದದ್ದು ರಾತ್ರಿ ಒಂಬತ್ತರ ನಂತರ, ಅವುಗಳಲ್ಲಿ ಏಳು ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದ ದಿನಗಳಲ್ಲಿ. ಎಡ ಮಗ್ಗುಲಿಗೆ ಮಲಗಿದಾಗ ಹೃದಯ ಎದೆಗೂಡಿಗೆ ಹತ್ತಿರ ಬರುವುದರಿಂದ ಬಡಿತ ಹೆಚ್ಚು ತಿಳಿಯುತ್ತದೆ. ರಾತ್ರಿಯ ನಿಶ್ಶಬ್ದವೂ ಸೇರುತ್ತದೆ. ಹದಿನಾಲ್ಕು ನಮೂದುಗಳಿಂದ ಸಿದ್ಧಾಂತ ಹೊರಡಿಸಬಾರದೆಂದು ಮಕ್ಕಳಿಗೆ ಹೇಳುವವಳು ನಾನು. ಆದರೂ ಬರೆಯುವ ಕೈಗೆ ಒಂದು ಕೆಲಸ ಸಿಕ್ಕಿದ್ದರಿಂದ ಮಣಿಕಟ್ಟು ಹಿಡಿಯುವುದು ತಾನಾಗಿ ಕಡಿಮೆಯಾಯಿತು.

ಸುದ್ದಿ ನೋಡುವುದನ್ನೂ ನಿಲ್ಲಿಸಿದೆ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು, ಆ ಮಾತು ಮೊದಲಿನ ಸುದ್ದಿಯಷ್ಟು ದೂರ ಹೋಗಲಿಲ್ಲ. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಳ್ಳುವುದು, ನನ್ನದು ಲಯದ ತೊಂದರೆ. ಎರಡೂ ಒಂದೇ ಅಲ್ಲ ಎಂದು ಗೊತ್ತಿದ್ದರೂ ರಾತ್ರಿ ಹತ್ತು ಗಂಟೆಗೆ ಮನಸ್ಸು ಆ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಮೊಬೈಲಿನಲ್ಲಿ ಕತ್ತಿನ ನರ ಒತ್ತಿ ಬಡಿತದ ಓಟ ನಿಲ್ಲಿಸುವ ವಿಡಿಯೊ ಒಂದನ್ನು ಸಂಬಂಧಿಕರು ಕಳುಹಿಸಿದ್ದರು. ಅದನ್ನು ನಾವಾಗಿ ಮಾಡಿಕೊಳ್ಳುವುದು ಅಪಾಯ ಎಂದು ವೈದ್ಯೆ ಮೊದಲೇ ಹೇಳಿದ್ದರು.

ಐದನೆಯ ರಾತ್ರಿ ದೊಡ್ಡದೊಂದು ಬಂದಿತು. ಮಳೆ ಹೊಯ್ಯುತ್ತಿತ್ತು, ಕರೆಂಟು ಇರಲಿಲ್ಲ. ಹನ್ನೊಂದೂಮುಕ್ಕಾಲಿಗೆ ಶುರುವಾದದ್ದು ಹನ್ನೆರಡೂಕಾಲಾದರೂ ನಿಲ್ಲಲಿಲ್ಲ. ವೈದ್ಯೆ ಬರೆದುಕೊಟ್ಟಿದ್ದ ಚೀಟಿಯನ್ನು ನಮ್ಮನೆಯವರು ಟಾರ್ಚಿನ ಬೆಳಕಿನಲ್ಲಿ ಓದುತ್ತಾ ಒಂದೊಂದಾಗಿ ಕೇಳಿದರು: ಎದೆ ನೋವಿದೆಯಾ, ಉಸಿರು ಕಟ್ಟುತ್ತದೆಯಾ, ಕಣ್ಣು ಕತ್ತಲೆ ಬರುತ್ತದೆಯಾ, ಮುಖವೋ ಕೈಯೋ ಸೋತಂತಿದೆಯಾ, ಮಾತು ತೊದಲುತ್ತದೆಯಾ. ಒಂದಕ್ಕೆ ಹೌದೆಂದರೂ ತಡಮಾಡದೆ 108ಕ್ಕೆ ಫೋನ್ ಮಾಡಬೇಕೆಂದು ಅದರಲ್ಲಿತ್ತು. ಎಲ್ಲಕ್ಕೂ ಇಲ್ಲ ಎಂದೆ. ಚೀಟಿಯ ಕೊನೆಯ ಸಾಲು, ಅರ್ಧ ಗಂಟೆ ಮೀರಿದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಬಡಿತ ಹಾಗಿರುವಾಗಲೇ ಇಸಿಜಿ ತೆಗೆಸಿ ಎಂಬುದು. ಪಕ್ಕದ ಮನೆಯ ಭಾವ ತಮ್ಮ ಜೀಪು ತೆಗೆದರು.

ಈ ಬರಹದಲ್ಲಿ ಸೇತುವೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ 1960ರ ದಶಕದಿಂದ ನಮ್ಮ ಕಡೆಯವರು ಸಾಗರಕ್ಕೆ ಹೋಗಬೇಕಾದರೆ ಲಾಂಚ್ ಎಂಬ ದೊಡ್ಡ ದೋಣಿಗೆ ಕಾಯಬೇಕಿತ್ತು, ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಎದೆನೋವಿನವರು ಕಾಡಿನ ರಸ್ತೆಯಲ್ಲಿ ಸುತ್ತು ಹಾಕಬೇಕಿತ್ತು. ನಮ್ಮ ಮಾವ ತೀರಿಕೊಂಡದ್ದು ಅಂಥ ಒಂದು ಸುತ್ತಿನ ನಡುವೆ, 2009ರಲ್ಲಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆಯ ಮೇಲೆ ಆ ರಾತ್ರಿ ನಾವು ಮಾತ್ರ ಇದ್ದೆವು. ಕೆಳಗಿನ ನೀರು ಕಾಣುತ್ತಿರಲಿಲ್ಲ, ಸೇತುವೆಯನ್ನು ಹಿಡಿದ ತಂತಿಗಳ ಮೇಲೆ ಮಳೆ ಮಾತ್ರ ಕಾಣುತ್ತಿತ್ತು. ನಮ್ಮನೆಯವರು ಏನೂ ಮಾತನಾಡದೆ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಅಪ್ಪನ ನೆನಪು ಅವರಿಗೆ ಬಂದಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಆವಿನಹಳ್ಳಿ ದಾಟಿದ ಸ್ವಲ್ಪ ಹೊತ್ತಿಗೆ ಬಡಿತ ತಾನಾಗಿ ಹದಕ್ಕೆ ಬಂದಿತು. ಸಾಗರದಲ್ಲಿ ತೆಗೆದ ಇಸಿಜಿ ಮತ್ತೆ ನಾರ್ಮಲ್. ನನಗೆ ಅಳು ಬಂದಿತು. ಅಲ್ಲಿದ್ದ ನರ್ಸ್, "ಬಂದಿದ್ದು ತಪ್ಪಲ್ಲ ಅಮ್ಮ, ಮತ್ತೆ ಬಂದ್ರೆ ಮತ್ತೆ ಬನ್ನಿ" ಎಂದು ಹೇಳಿ ಹಾಳೆಯ ಮೇಲೆ ಹೊತ್ತು ಬರೆದು ಕೊಟ್ಟರು. ಶುರುವಾದ ಹೊತ್ತು, ನಿಂತ ಹೊತ್ತು, ನಿಂತ ಮೇಲಿನ ಇಸಿಜಿ, ಮೂರೂ ಈಗ ನೋಟುಪುಸ್ತಕದಲ್ಲಿವೆ. ಆ ಹೊತ್ತಿನಲ್ಲಿ ಮಗಳ ವಾಚು ಕೈಯಲ್ಲಿರಲಿಲ್ಲ, ಮನೆಯಲ್ಲಿ ಚಾರ್ಜ್ ಇಲ್ಲದೆ ಬಿದ್ದಿತ್ತು. ಅಂದಿನಿಂದ ಅದನ್ನು ಚಾರ್ಜ್ ಮಾಡಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತೇನೆ, ಬಂದಾಗ ಮಾತ್ರ ಕಟ್ಟಿಕೊಳ್ಳುತ್ತೇನೆ.

ವಿಚಿತ್ರವೆಂದರೆ, ಆ ರಾತ್ರಿಯ ನಂತರ ನಿದ್ದೆ ಸುಧಾರಿಸಿದೆ. ರಾತ್ರಿಯಲ್ಲಿಯೂ ಹೋಗಬಹುದು, ಹೋಗಿ ಬಂದಿದ್ದೇವೆ ಎಂಬುದು ದೇಹಕ್ಕೆ ತಿಳಿದಂತಿದೆ. ಹೋಲ್ಟರಿನಲ್ಲಿ ಏನೂ ಸಿಗದಿದ್ದರೆ ಒಂದು ವಾರ ಅಂಟಿಸಿಕೊಂಡಿರುವ ಪಟ್ಟಿ ಇದೆ, ಅದಕ್ಕೂ ದೀರ್ಘ ಕಾಲದ ಸಾಧನಗಳಿವೆ ಎಂದು ವೈದ್ಯೆ ಮೊದಲೇ ಹೇಳಿದ್ದರು. ಅದು ನನಗೆ ನೆನಪಾದದ್ದೂ ಆ ರಾತ್ರಿ ಹಿಂತಿರುಗುವಾಗಲೇ. ವರದಿ ಬರಿದಾಗಿದ್ದರೆ ನಾಳೆ ನಾನೇ ಆ ಪಟ್ಟಿಯನ್ನು ಕೇಳುತ್ತೇನೆ, ಗ್ಯಾಸ್ಟ್ರಿಕ್ ಮಾತ್ರೆಗೆ ಮರಳುವುದಿಲ್ಲ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಸಾಗರ, ಅಲ್ಲಿಂದ ಶಿವಮೊಗ್ಗ. ನಮ್ಮನೆಯವರು ಮಳೆ ಬಿಟ್ಟರೆ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲದ ಔಷಧಿ ಹೊಡೆಸಬೇಕೆಂದು ಆಳುಗಳಿಗೆ ಹೇಳಿಟ್ಟಿದ್ದರು. ಈಗ ಅದನ್ನು ಭಾವನಿಗೆ ವಹಿಸಿ ನನ್ನ ಜೊತೆ ಹೊರಟಿದ್ದಾರೆ. ಹದಿನಾಲ್ಕು ನಮೂದುಗಳನ್ನು ವೈದ್ಯೆ ಒಂದೇ ನೋಟಕ್ಕೆ ಓದುವಂತೆ ಒಂದು ಹಾಳೆಯ ಮೇಲೆ ಕೋಷ್ಟಕ ಮಾಡಿ ಬರೆದು, ಸಾಗರದ ಇಸಿಜಿಯ ಜೊತೆ ಫೈಲಿನಲ್ಲಿ ಇಟ್ಟಿದ್ದೇನೆ. ಕೋಷ್ಟಕದ ಕೊನೆಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ, ಈ ರಾತ್ರಿಗೆ.